ಫೋಟೋದಲ್ಲಿ ನಕ್ಕ ಸೊಪ್ಪಿನ ತಾಯಿಗೆ

ಕೆಂಚನದೊಡ್ಡಿ,
ಫೆಬ್ರವರಿ 30, 2174

ತಾಯಿ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರಗಳಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಮ್ಮಲ್ಲಿ ಎಲ್ಲರೂ ಬಾಯಲ್ಲಿ ಹೇಳಿ ಯಂತ್ರದಿಂದ ಬರೆಸುತ್ತಾರೆ. ಆದರೆ ಹಿಂದಂಚೆಗೆ, ಅಂದರೆ ಹಿಂದಿನ ಕಾಲದವರಿಗೆ ಕಾಗದ ಹಾಕುವ ಡಬ್ಬಿಗೆ, ಕೈಯಲ್ಲಿ ಬರೆದದ್ದನ್ನೇ ಹಾಕಬೇಕು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಅದು ತಲುಪುತ್ತದೆಂದು ಅಂಚೆಯವರು ಹೇಳುತ್ತಾರೆ, ನನಗೆ ಅನುಮಾನ. ತಾರೀಖು ನೋಡಿ ನಗಬೇಡಿ. ನಮಗೆ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಇಟ್ಟಿದ್ದಾರೆ. ನಿಮ್ಮ ನಗುವಿನ ವಿಷಯ ಕೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಫೋಟೋ ನಮ್ಮೂರಲ್ಲಿದೆ. ಯಾವುದೋ ಸಂತೆ. ಐದು ಜನ ಗಂಡಸರು ಹೆಗಲಿಗೆ ಕೋವಿ ಹಾಕಿಕೊಂಡು ಹೋಗುತ್ತಿದ್ದಾರೆ. ಪಕ್ಕದಲ್ಲಿ ನೀವು ಸೊಪ್ಪು ಹರವಿಕೊಂಡು ಕೂತು ಅವರನ್ನು ನೋಡಿ ನಗುತ್ತಿದ್ದೀರಿ. ಹಿಂದಿನ ಅಂಗಡಿಯ ಕ್ಯಾಲೆಂಡರಿನಿಂದ ಅದು ನೂರೈವತ್ತು ವರ್ಷ ಹಳೆಯದೆಂದು ತಿಳಿಯಿತು. ನಮ್ಮೂರಲ್ಲಿ ಕೋವಿಯನ್ನು ಎಲ್ಲರಿಗೂ ಕಾಣುವಂತೆ ಹೆಗಲಿಗೆ ಹಾಕಿಕೊಂಡು ತಿರುಗುವ ಹೆಗಲುಕೋವಿ ಬಳಗವಿದೆ, ಅದರ ಮುಂದಾಳು ಬೊಳ್ಳಪ್ಪ ಅದನ್ನು ದೊಡ್ಡದು ಮಾಡಿಸಿ ಪಂಚಾಯ್ತಿ ಕಟ್ಟೆಯ ಮೇಲೆ ತೂಗುಹಾಕಿದ್ದಾನೆ. "ನೋಡ್ರಪ್ಪ, ಆವಾಗ್ಲೇ ಜನ ಹೆಂಗೆ ಒಪ್ಕೊಂಡಿದ್ರು" ಎಂದು ಎಲ್ಲರಿಗೂ ತೋರಿಸುತ್ತಾನೆ.

ನಮ್ಮಲ್ಲಿ ಹೊಲವಿರುವವರಿಗೆ ಮೇರೆಕೋವಿಯ ಹಕ್ಕಿದೆ. ಹೊಲದ ಅಂಚಿನಲ್ಲಿ ನಿಂತು ಹಂದಿ ಓಡಿಸುವ ಕೋವಿಗೆ ಆ ಹೆಸರು. ಕಾಡು ಮನೆಯ ಹಿತ್ತಿಲ ತನಕ ಇಳಿದು ಬಂದಿದೆ, ಕೋವಿಯಿಲ್ಲದಿದ್ದರೆ ಒಂದು ತೆನೆ ರಾಗಿಯೂ ಕೈಗೆ ಸಿಗುವುದಿಲ್ಲ. ಆದರೆ ಏಳು ವರ್ಷಕ್ಕೊಮ್ಮೆ ನೆರೆಮುದ್ರೆ ಆಗಬೇಕು. ಕೋವಿಯಿಲ್ಲದ ಮೂರು ಮನೆಯವರು, ಈ ಮನೆಯಲ್ಲಿ ಕೋವಿ ಇರಲಿ ಎಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಂದು ಕಡಿಮೆಯಾದರೂ ಕೋವಿ ಹೋಯಿತು. ತಾತನ ಕಾಲದಲ್ಲಿ ಇದು ಅರ್ಧ ದಿನದ ಕೆಲಸವಾಗಿತ್ತಂತೆ. ಈ ಸಲ ನಮ್ಮ ಕಾಗದದಲ್ಲಿ ಎರಡೇ ಬಿದ್ದಿವೆ. ನಾಳೆ ಸಂಜೆಗೆ ಗಡುವು ಮುಗಿಯುತ್ತದೆ.

ನನ್ನ ಅಣ್ಣ ರಾಚ ಹೋದ ವರ್ಷ ಬಳಗ ಸೇರಿದ. ಅಂದಿನಿಂದ ಪ್ರತಿ ಸಂತೆಗೂ ಕೋವಿ ಹೆಗಲಿಗೇರಿಸಿಕೊಂಡು ಬರುತ್ತಾನೆ. ಅವನು ಕೆಟ್ಟವನಲ್ಲ. ಅವನ ಮಾತಿನಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. "ಕಣ್ಣಿಗೆ ಬೀಳ್ದಿದ್ರೆ ಜನ ಮರೆತ್ಬುಡ್ತಾರೆ ಕಣಮ್ಮಿ. ಮರೆತ್ಮೇಲೆ ಕಿತ್ಕೊಳ್ಳೋದು ಸಲೀಸು" ಎನ್ನುತ್ತಾನೆ. ಕೆಳಗಿನ ಹಳ್ಳದ ಊರಿನವರು ಕೋವಿಗಳನ್ನು ಅಟ್ಟದಲ್ಲಿ ಬಚ್ಚಿಟ್ಟಿದ್ದರು. ಅವರ ಹಕ್ಕು ಹೋದಾಗ ಅವರ ಪರವಾಗಿ ಒಬ್ಬರೂ ಮಾತಾಡಲಿಲ್ಲ, ಅದು ನಿಜ. ಒಳ್ಳೆಯವರ ಹೆಗಲ ಮೇಲೆ ದಿನಾ ನೋಡಿದರೆ ಜನರಿಗೆ ಹೆದರಿಕೆ ಹೋಗುತ್ತದೆ ಎಂದು ಅಣ್ಣ ನಂಬಿದ್ದಾನೆ. ಸಂತೆಯಲ್ಲಿ ಎಷ್ಟು ಜನ ನಕ್ಕರು, ಎಷ್ಟು ಜನ ದಾರಿ ಬಿಟ್ಟರು ಎಂದು ಮನೆಗೆ ಬಂದು ಖುಷಿಯಿಂದ ಹೇಳುತ್ತಾನೆ.

ನನಗೆ ಆ ದಾರಿ ಬಿಡುವುದರ ಮೇಲೆಯೇ ಅನುಮಾನ. ನಾನು ಜಾಸ್ತಿ ಮಾತಾಡುವವಳಲ್ಲ, ಸಂತೆಯಲ್ಲಿ ಸೊಪ್ಪು ಮಾರುತ್ತೇನೆ. ಬಿಸಿಲಿಗೆ ಹೆದರಿ ಒಂಬತ್ತು ಗಂಟೆಗೇ ಸಂತೆ ಎತ್ತಿಬಿಡುವ ಕಾಲ ನಮ್ಮದು, ಅಷ್ಟರೊಳಗೆ ಜನ ಚೌಕಾಸಿ ಮಾಡಿ, ಜಗಳವಾಡಿ, ಹರಟಿ ಮುಗಿಸಬೇಕು. ಅಣ್ಣ ಬಂದಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಅವನು ಹೇಳಿದ ಹಾಸ್ಯಕ್ಕೆಲ್ಲ ನಗುತ್ತಾರೆ. ತಾಯಿ, ಅವನ ಹಾಸ್ಯ ಅಷ್ಟು ಚೆನ್ನಾಗಿರುವುದಿಲ್ಲ, ಮನೆಯಲ್ಲಿ ನಾವ್ಯಾರೂ ನಗುವುದಿಲ್ಲ.

ನನ್ನ ಪಕ್ಕದಲ್ಲಿ ಸೊಪ್ಪು ಮಾರುವವರು ನಮ್ಮ ಕೆಳಗಿನ ಹೊಲದ ದುಂಡಮ್ಮ. ನಾವು ದೊಡ್ಡವ್ವ ಎನ್ನುತ್ತೇವೆ. ತಾತನ ಕೋವಿ ಅವರ ರಾಗಿಯನ್ನೂ ಕಾಯುತ್ತಿತ್ತು. ನಮ್ಮ ನೆರೆಯಲ್ಲಿ ಕೋವಿಯಿಲ್ಲದ ಮನೆ ಇನ್ನು ಅವರದೊಂದೇ ಉಳಿದಿದೆ, ಮೂರನೇ ಹೆಬ್ಬೆಟ್ಟು ಅವರದೇ ಆಗಬೇಕು. ಅಣ್ಣ ಹನ್ನೆರಡು ದಿನದಿಂದ ಕಾಗದ ಹಿಡಿದು ಅವರ ಮನೆಗೆ ಹೋಗುತ್ತಿದ್ದಾನೆ, ಹೆಗಲಲ್ಲಿ ಕೋವಿ ಇಟ್ಟುಕೊಂಡೇ. ದೊಡ್ಡವ್ವ ಪ್ರತಿ ದಿನವೂ ನಗುತ್ತಾ, "ಕೈ ಎಲ್ಲಾ ಸಗಣಿ ಕಣಪ್ಪ, ನಾಳಿಕ್ ಬಾ" ಎನ್ನುತ್ತಾರಂತೆ. "ಪಾಪ, ದೊಡ್ಡವ್ವುಂಗೆ ಪುರುಸೊತ್ತೇ ಇಲ್ಲ" ಎಂದು ಅಣ್ಣ ಹೇಳುತ್ತಾನೆ. ಹನ್ನೆರಡು ದಿನ ಯಾರ ಕೈಯೂ ಸಗಣಿಯಲ್ಲೇ ಇರುವುದಿಲ್ಲ.

ಮೊನ್ನೆ ಯಾರೂ ಇಲ್ಲದಾಗ ಪಂಚಾಯ್ತಿ ಕಟ್ಟೆಗೆ ಹೋಗಿ ನಿಮ್ಮ ಫೋಟೋವನ್ನು ಹತ್ತಿರದಿಂದ ನೋಡಿದೆ. ಎಲ್ಲರೂ ನಿಮ್ಮ ಮುಖ ನೋಡುತ್ತಾರೆ, ನಾನು ಕೈ ನೋಡಿದೆ. ನಿಮ್ಮ ಬಲಗೈಯಲ್ಲಿ ಸಬ್ಬಸಿಗೆ ಸೊಪ್ಪಿನ ಒಂದು ಕಟ್ಟಿದೆ. ಅದನ್ನು ಹಿಂಡಿ ಹಿಡಿದಿದ್ದೀರಿ. ದಂಟು ಮುರಿದು ಎರಡೂ ಕಡೆ ಜೋತುಬಿದ್ದಿದೆ. ಸೊಪ್ಪು ಮಾರುವವರು ಸೊಪ್ಪನ್ನು ಹಾಗೆ ಹಿಡಿಯುವುದಿಲ್ಲ ತಾಯಿ. ಹಿಂಡಿದ ಸೊಪ್ಪು ಕಪ್ಪಾಗುತ್ತದೆ, ಯಾರೂ ಕೊಳ್ಳುವುದಿಲ್ಲ. ಅಣ್ಣ ಬಂದು ಹೋದ ಮೇಲೆ ದೊಡ್ಡವ್ವನ ಬುಟ್ಟಿಯ ಪಕ್ಕದಲ್ಲೂ ಒಂದು ಕಟ್ಟು ಹಾಗೆಯೇ ಕಪ್ಪಾಗಿ ಬಿದ್ದಿರುತ್ತಿತ್ತು. ಬಿಸಿಲಿಗೆ ಬಾಡಿದೆಯೆಂದುಕೊಂಡು ನಾನೇ ಎಷ್ಟೋ ಸಲ ಎತ್ತಿ ಎಸೆದಿದ್ದೆ.

ನಿನ್ನೆ ಧೈರ್ಯ ಮಾಡಿ ದೊಡ್ಡವ್ವನ ಮನೆಗೆ ನಾನೊಬ್ಬಳೇ ಹೋದೆ. ಜಗಲಿಯ ಮೇಲೆ ಕೂತೆ. ಅವರೇ ಶುರು ಮಾಡಿದರು.

"ಹಂದಿಗೆ ಕೋವಿ ಬೇಕು ಕಣಮ್ಮಿ, ನಂಗೊತ್ತಿಲ್ವಾ? ನಿಮ್ ತಾತುನ್ ಕೋವಿಯಿಂದ್ಲೇ ನಾವು ಮುದ್ದೆ ಉಂಡಿರೋದು. ಸೊಪ್ಪಿನ್ ಮುಂದೆ ಯಾಕ್ ತತ್ತಾನೆ? ಹಂದಿನಾ ನಾನು?"

"ಅಣ್ಣ ಏನೂ ಮಾಡಕಿಲ್ಲ ದೊಡ್ಡವ್ವ."

"ಮಾಡಕಿಲ್ಲ ಅಂತ ನಂಗೂ ಗೊತ್ತು. ಆದ್ರೂ ಅದು ಹೆಗಲ್ ಮೇಲಿದ್ದಾಗ ನಾನು ಬ್ಯಾಡ ಅನ್ನಕಾಯ್ತದಾ? ಬ್ಯಾಡ ಅನ್ನಕಾಗ್ದಿದ್ಮೇಲೆ ನಾ ಒತ್ತೋ ಹೆಬ್ಬೆಟ್ಟು ನಂದಾ?"

ಇಷ್ಟು ಹೇಳುವಾಗ ಅವರು ಒಮ್ಮೆಯೂ ನಗಲಿಲ್ಲ. ಅದಕ್ಕೇ ನಂಬಿದೆ. ಮನೆಗೆ ಬಂದು ಹೇಳಿದರೆ ಅಣ್ಣ ರೇಗಿದ. "ಒಂದಿನಾನೂ ಬ್ಯಾಡ ಅಂದಿಲ್ಲ ಮುದ್ಕಿ! ನೀನೇ ಇಲ್ದೋದ್ ಹುಟ್ಟಿಸ್ತಿದ್ದೀಯ. ಕೋವಿ ಮನೇಲ್ ಬುಟ್ಟೋದ್ರೆ ನಾನೇ ತಪ್ಪು ಮಾಡ್ದಂಗಾಯ್ತದೆ" ಎಂದ. ಅವನು ಹಟ ಹಿಡಿದಿದ್ದಾನೆ. ಬೊಳ್ಳಪ್ಪನಿಗೇನು, ಅವನ ಹೊಲ ಬೀಳು ಬಿದ್ದು ಎಷ್ಟೋ ವರ್ಷವಾಯಿತು. ಅವನ ಕೋವಿ ಒಂದು ಹಂದಿಯನ್ನೂ ಓಡಿಸಿಲ್ಲ. ಅವನಿಗೆ ಬೇಕಾದದ್ದು ಕೋವಿಯ ಹಕ್ಕೋ, ಜನ ದಾರಿ ಬಿಡುವುದೋ ನನಗೆ ಈಗಲೂ ತಿಳಿದಿಲ್ಲ.

ತಾಯಿ, ಈ ಕಾಗದ ಆ ಸಂತೆಯ ದಿನಕ್ಕೆ ಮೊದಲೇ ತಲುಪಿದರೆ ನಿಮ್ಮಲ್ಲಿ ಒಂದೇ ಬೇಡಿಕೆ. ಆ ದಿನ ನಿಮಗೆ ನಿಜವಾಗಿಯೂ ಸಂತೋಷವಾದರೆ ಕೈ ಸಡಿಲ ಬಿಟ್ಟು ನಗಿ, ನನ್ನ ಅನುಮಾನವೇ ತಪ್ಪೆಂದು ಒಪ್ಪುತ್ತೇನೆ. ಹೆದರಿಕೆಯಾದರೆ ದಯವಿಟ್ಟು ನಗಬೇಡಿ. ನೀವು ನಕ್ಕಿದ್ದನ್ನು ಒಪ್ಪಿಗೆಯೆಂದು ತಿಳಿದು ನಮ್ಮವರು ತಮ್ಮ ಕೋವಿಯನ್ನು ತಾವೇ ಕಳೆದುಕೊಳ್ಳುತ್ತಿದ್ದಾರೆ. ಇವತ್ತು ಈ ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆ ಕಟ್ಟೆಗೆ ಹೋಗಿ ನೋಡುತ್ತೇನೆ. ಫೋಟೋದಲ್ಲಿ ನಿಮ್ಮ ಮುಖ ಬದಲಾಗಿರುತ್ತದೆಂಬ ನಂಬಿಕೆ ನನಗಿಲ್ಲ. ಆದರೂ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಅಣ್ಣ ಏಳುವ ಮೊದಲು ಕೋವಿಯ ಹೆಗಲಪಟ್ಟಿ ಬಿಚ್ಚಿದೆ. ಕೋವಿಯನ್ನು ಅದರ ಗೂಟದಲ್ಲೇ ಬಿಟ್ಟು, ಪಟ್ಟಿಯನ್ನು ಮಾತ್ರ ದೊಡ್ಡವ್ವನಿಗೆ ಕೊಟ್ಟು ಬಂದೆ. ಅವರ ಕರುವಿನ ಹಗ್ಗ ತುಂಡಾಗಿ ಎರಡು ದಿನವಾಗಿತ್ತು. ದೊಡ್ಡವ್ವ ಪಟ್ಟಿಯನ್ನು ತಿರುಗಿಸಿ ನೋಡಿ, ಕರುವಿನ ಕೊರಳಿಗೆ ಬಿಗಿಯಾಗದಂತೆ ಕಟ್ಟಿ, "ನಿಮ್ಮಣ್ಣ ಇದನ್ನ ಹುಡುಕ್ಕೊಂಡು ಬತ್ತಾನಲ್ಲ, ಬರ್ಲಿ. ಕಾಗದಾನೂ ತರ್ಲಿ" ಎಂದು ಕೈ ತೊಳೆದುಕೊಂಡರು.

ಇಂತಿ,
ಚಿಕ್ಕತಾಯಿ