ಮುಂದಿನ ಎಡಗಡೆ ಸೀಟು

ಆಗಸ್ಟ್ 5, 2024. ಸೋಮವಾರ

ಕಡೂರು ಬಿಟ್ಟಾಗ 8.10. ಬೀರೂರು ದಾಟೋಷ್ಟರಲ್ಲಿ ಡ್ಯಾಶ್‌ಬೋರ್ಡಲ್ಲಿ ಆ ಕೆಂಪು ದೀಪ ಮತ್ತೆ — ಏರ್‌ಬ್ಯಾಗಿಂದು. ಶುಕ್ರವಾರದಿಂದ ಹೀಗೇ. ತರೀಕೆರೆ ಕಾಲೇಜು ಮುಟ್ಟೋ ತನಕ ಆರಲಿಲ್ಲ. ಮೊದಲನೇ ಪೀರಿಯಡ್ ಫಿಸಿಕ್ಸ್ ಏನು ಹೇಳಿಕೊಟ್ಟೆನೋ ನೆನಪಿಲ್ಲ.

ಗುರುಮೂರ್ತಿ ಅಣ್ಣಂಗೆ ಫೋನ್ ಮಾಡಿದೆ. ಗಾಡಿ ಕೊಟ್ಟಿದ್ದು ಅವನೇ. ಬಿ.ಎಚ್. ರೋಡಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ವ್ಯಾಪಾರ.

"ಸೆನ್ಸರ್ ಪ್ರಾಬ್ಲಂ ಕಣೇ ಶಾಂಭವಿ. ತಂದು ಬಿಡು, ದೀಪ ಆರ್ಸಿ ಕೊಡ್ತೀನಿ."

ದೀಪ ಯಾಕೆ ಬಂತು ಅಂತ ನೋಡ್ಬೇಕಲ್ವಾ ಅಂದೆ.

"ಲೆಕ್ಚರ್ ಕಾಲೇಜಲ್ಲಿ ಕೊಡು ತಾಯಿ" ಅಂದು ನಕ್ಕ.

ಆಗಸ್ಟ್ 8. ಗುರುವಾರ

ಆನ್‌ಲೈನಲ್ಲಿ ತರಿಸಿದ ಸ್ಕ್ಯಾನರ್ ಬಂತು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದ್ರೆ ಫೋನಲ್ಲಿ ತೋರಿಸುತ್ತೆ. "ಯಾವ ದೋಷವೂ ಇಲ್ಲ" ಅಂತು. ದೀಪ ಮಾತ್ರ ಉರೀತಾನೇ ಇದೆ. ಆಮೇಲೆ ಓದಿದೆ — ಅಗ್ಗದ್ದು ಇಂಜಿನ್ ಕೋಡ್ ಮಾತ್ರ ಓದುತ್ತಂತೆ. ಏರ್‌ಬ್ಯಾಗಿನ ಕಂಪ್ಯೂಟರ್ ಬೇರೆ. ವಾಪಸ್ ಕಳ್ಸಿ ಬೇರೆ ಬುಕ್ ಮಾಡಿದೆ.

ಅಮ್ಮ: "ಅಣ್ಣನ್ ಹತ್ರ ಬಿಟ್ಟು ಬಾ ಅಂದ್ರೆ ಇವಳೇ ಮೆಕ್ಯಾನಿಕ್ ಆಗ್ತಾಳೆ."

ಆಗಸ್ಟ್ 15. ಮಧ್ಯಾಹ್ನ

ಧ್ವಜ ಹಾರಿಸಿ ಬಂದು ಹೊಸ ಟೂಲ್ ಹಾಕಿದೆ. ಈ ಸಲ ಬಂತು. ಒಂದೇ ಕೋಡ್. ಪ್ಯಾಸೆಂಜರ್ ಏರ್‌ಬ್ಯಾಗ್ ಸರ್ಕ್ಯೂಟ್ — ರೆಸಿಸ್ಟೆನ್ಸ್ ಹೆಚ್ಚು. ಅಳಿಸಿದೆ. ದೀಪ ಆರಲೇ ಇಲ್ಲ, ಕೋಡ್ ತಕ್ಷಣ ವಾಪಸ್.

ಎಲ್ಲೋ ವೈರ್ ಕಿತ್ಕೊಂಡಿದೆ. ಇಷ್ಟೇ ತಾನೇ.

ಪ್ಯಾಸೆಂಜರ್ ಅಂದ್ರೆ ಅಮ್ಮ. ತಿಂಗಳಿಗೆರಡು ಸಲ ಚಿಕ್ಕಮಗಳೂರಿಗೆ, ಕಣ್ಣಿನ ಡಾಕ್ಟ್ರ ಹತ್ರ. ಹಿಂದೆ ಕೂತ್ರೆ ವಾಂತಿ ಬರುತ್ತೆ ಅಂತ ಯಾವಾಗ್ಲೂ ಮುಂದಿನ ಸೀಟೇ.

ಆಗಸ್ಟ್ 18. ಭಾನುವಾರ, ಬೆಳಗ್ಗೆ 11

ಕೈ ಇನ್ನೂ ತೊಳ್ಕೊಂಡಿಲ್ಲ. ಆದ್ರೂ ಬರೀತೀನಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕಾಲು ಗಂಟೆ ಕಾದೆ. ಅವಸರ ಮಾಡಿದ್ರೆ ಬ್ಯಾಗ್ ಮುಖಕ್ಕೇ ಸಿಡಿಯುತ್ತೆ ಅಂತ ಎಲ್ಲ ಕಡೆ ಬರೆದಿದ್ರು. ಮಲ್ಟಿಮೀಟರಿನ ಸಣ್ಣ ಕರೆಂಟೂ ಅದಕ್ಕೆ ಸಾಕಂತೆ, ಅದನ್ನ ಹತ್ತಿರಕ್ಕೂ ತರಲಿಲ್ಲ. ಗ್ಲೋವ್‌ಬಾಕ್ಸ್ ಬಿಚ್ಚಿದೆ. ಟಾರ್ಚ್ ಹಾಕಿದೆ.

ಬ್ಯಾಗೇ ಇಲ್ಲ.

ಅದು ಕೂತಿರಬೇಕಾದ ಜಾಗ ಖಾಲಿ. ಡ್ಯಾಶ್‌ಬೋರ್ಡಿನ ಮೇಲ್ಮುಚ್ಚಳವನ್ನ ಒಳಗಿಂದ ಗಮ್ ಹಾಕಿ ಅಂಟಿಸಿದಾರೆ. ಹಳದಿ ಕನೆಕ್ಟರಿನ ಎರಡು ವೈರಿಗೆ ಅಡ್ಡವಾಗಿ, ಕಪ್ಪು ಟೇಪ್ ಸುತ್ತಿ, ಒಂದು ರೆಸಿಸ್ಟರ್. ಮೈಮೇಲೆ ಕೆಂಪು, ಕಪ್ಪು, ಬಂಗಾರದ ಪಟ್ಟಿ. ಎರಡು ಓಮ್. ಲ್ಯಾಬಲ್ಲಿ ಡಬ್ಬಿಗಟ್ಟಲೆ ಇರೋ ವಸ್ತು. ಬ್ಯಾಗ್ ಇದೆ ಅಂತ ಕಂಪ್ಯೂಟರನ್ನ ನಂಬಿಸೋಕೆ ಅಷ್ಟು ಸಾಕು. ಅದರ ಒಂದು ಕಾಲು ಮುರಿದಿತ್ತು, ಗಾಡಿ ಕುಲುಕಾಟಕ್ಕೆ. ಅದಕ್ಕೇ ದೀಪ ಬಂದಿದ್ದು. ಮುರೀದೇ ಇದ್ದಿದ್ರೆ...

ಅಮ್ಮ ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಬೆಳ್ಳುಳ್ಳಿ ಬಿಡಿಸ್ತಿದ್ಲು. "ಸರಿ ಹೋಯ್ತೇನೇ?" ಅಂದ್ಲು.

ಅದೇ ದಿನ, ಸಂಜೆ

ಅಣ್ಣನ ಅಂಗಡಿಗೆ ಹೋದೆ. ಬೆಳಗ್ಗೆ ತೆಗೆದ ಫೋಟೋ ತೋರಿಸಿದೆ. ಬ್ಯಾಗ್ ಎಲ್ಲಿ ಅಂದೆ.

ಜಾಸ್ತಿ ಹೊತ್ತು ನಾಟಕ ಮಾಡ್ಲಿಲ್ಲ. ಅದೊಂದು ಅವನ ದೊಡ್ಡಗುಣ.

"ಆಕ್ಸಿಡೆಂಟ್ ಗಾಡಿ ಕಣೇ. ಎರಡೂ ಓಪನ್ ಆಗಿತ್ತು. ಡ್ರೈವರ್ ಕಡೇದು ಹೊಸದು ಹಾಕ್ಸಿದೀನಿ, ನಿಂಗೋಸ್ಕರ. ಎರಡೂ ಹಾಕ್ಸಿದ್ರೆ ನಂಗೇನು ಗಿಟ್ಟುತ್ತೆ?"

"ಆ ಸೀಟಲ್ಲಿ ಅಮ್ಮ ಕೂರ್ತಾಳೆ."

"ನೀನು ಅರವತ್ತರ ಸ್ಪೀಡ್ ದಾಟಲ್ಲ. ಬೆಲ್ಟ್ ಹಾಕಿರ್ತಾಳೆ. ಏನಾಗುತ್ತೆ?"

ನನಗೋಸ್ಕರ ಅಂತೆ. ತಂಗಿ ಬದುಕ್ಲಿ, ತಾಯಿದು ನೋಡ್ಕೊಳ್ಳೋಣ ಅಂತ ಲೆಕ್ಕ ಹಾಕಿರೋ ಮಗ.

ಆಗಸ್ಟ್ 19

ಅಮ್ಮಂಗೆ ಎಲ್ಲ ಹೇಳಿದೆ. ರೆಸಿಸ್ಟರ್ ಅಂಗೈ ಮೇಲಿಟ್ಟು ತೋರಿಸಿದೆ.

"ನಲವತ್ತು ವರ್ಷ ಬಸ್ಸಲ್ಲಿ ಓಡಾಡಿದೀನಿ. ಅದ್ರಲ್ಲಿ ಯಾವ ಬ್ಯಾಗಿತ್ತು?"

ಬೆಳ್ಳುಳ್ಳಿ ಸಿಪ್ಪೆ ಎಸೆದಂಗೆ ಅದನ್ನ ಕಸದ ಮೊರಕ್ಕೆ ಹಾಕಿದ್ಲು. "ಅಣ್ಣ ತಂಗಿ ಇದಕ್ಕೆಲ್ಲ ಮಾತು ಬಿಡ್ತಾರಾ?"

ಸೆಪ್ಟೆಂಬರ್ 1. ಭಾನುವಾರ

ಅಣ್ಣ ಬೇರೆ ಗಾಡಿ ತಂದ. ಬಿಳೀದು. ಗ್ಲೋವ್‌ಬಾಕ್ಸ್ ತಾನೇ ಬಿಚ್ಚಿ ತೋರಿಸಿದ — ಬ್ಯಾಗಿದೆ. "ಈಗ ಸಮಾಧಾನನಾ?" ಅಮ್ಮ ಇಬ್ಬರಿಗೂ ಶಾವಿಗೆ ಪಾಯಸ ಬಡಿಸಿದ್ಲು.

ಹಳೇದನ್ನ ಏನ್ ಮಾಡ್ತೀಯ ಅಂದೆ.

"ಗುಜರಿಗೆ."

ಆಮೇಲೆ ಪೇಪರ್ ಮುಂದಿಟ್ಟ. ಆರ್‌ಸಿ ಟ್ರಾನ್ಸ್‌ಫರ್ ಫಾರ್ಮ್. ಕೊಂಡವರ ಹೆಸರಿನ ಜಾಗ ಖಾಲಿ. ಸೈನ್ ಮಾಡಿದೆ.

ಗುಜರಿಗೆ ಹೋಗೋ ಗಾಡಿಗೆ ಟ್ರಾನ್ಸ್‌ಫರ್ ಫಾರ್ಮ್ ಯಾಕೆ ಅಂತ ಕೇಳಲಿಲ್ಲ. ಬಾಯಿಗೆ ಬಂದಿತ್ತು. ಪಾಯಸ ತಣ್ಣಗಾಗ್ತಿತ್ತು.

ಫೆಬ್ರವರಿ 5, 2025. ಬುಧವಾರ

ಐದು ತಿಂಗಳಾಯ್ತು ಇದನ್ನ ಮುಟ್ಟಿ. ಬರೆಯೋಂಥದ್ದೇನೂ ಇರ್ಲಿಲ್ಲ ಅಂತಲ್ಲ. ತೆಗೆದ್ರೆ ಆ ಕೊನೇ ಪುಟ ಕಾಣುತ್ತಲ್ಲ, ಅದಕ್ಕೆ.

ಇವತ್ತು ಅಜ್ಜಂಪುರದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ನಾನು ಹೊರಗಿನ ಪರೀಕ್ಷಕಿ. ನನ್ನ ಗಾಡಿ ಸರ್ವೀಸಿಗೆ ಬಿಟ್ಟು ಬಸ್ಸಲ್ಲಿ ಹೋದೆ. ಅಲ್ಲಿಯ ಫಿಸಿಕ್ಸಿನವರು ಹಾಲೇಶ್ ಸರ್. ಮೂವತ್ತೈದರ ಆಸುಪಾಸು, ತುಂಬ ಮರ್ಯಾದಸ್ಥರು. ಪರೀಕ್ಷೆ ಮುಗಿದ ಮೇಲೆ, "ಕಡೂರಿಗೆ ನಾನೇ ಬಿಡ್ತೀನಿ ಬನ್ನಿ ಮೇಡಂ" ಅಂದ್ರು.

ಹೊರಗೆ ಬಂದ್ರೆ ನನ್ನ ಹಳೇ ಗಾಡಿ. ಅದೇ ನಂಬರು.

"ನಿಮ್ಮಣ್ಣಾರ ಹತ್ರನೇ ತಗೊಂಡಿದ್ದು ಮೇಡಂ. ನಿಮ್ಮ ಸೈನ್ ನೋಡಿದ್ದೆ. ಫಿಸಿಕ್ಸ್ ಲೆಕ್ಚರರ್ ಓಡಿಸಿದ ಗಾಡಿ ಅಂದ್ರು, ಕಣ್ಣು ಮುಚ್ಚಿ ತಗೊಂಡ್ಬಿಟ್ಟೆ."

ಎಡಗಡೆ ಬಾಗಿಲು ತೆಗೆದು ಹಿಡಿದ್ರು. ಕೂತೆ. ಬೆಲ್ಟ್ ಹಾಕಿದೆ. ಕೀ ತಿರುಗಿಸಿದ ಕೂಡಲೇ ಆ ದೀಪ ಬಂತು, ಎಣಿಸಿದೆ — ಆರು ಸೆಕೆಂಡಿಗೆ ಆರಿತು. ಎಲ್ಲ ಸರಿ ಇರೋ ಗಾಡಿಯಲ್ಲಿ ಆರೋ ಹಾಗೆ. ಹೊಸ ರೆಸಿಸ್ಟರ್, ಗಟ್ಟಿಯಾಗೇ ಹಾಕ್ಸಿದಾನೆ.

ದಾರಿಯುದ್ದಕ್ಕೂ ಅವರು ಮಾತಾಡಿದ್ರು. ಹೆಂಡತಿ ನಯನಂಗೆ ಬೆನ್ನುನೋವು, ವಾರಕ್ಕೆರಡು ಸಲ ಶಿವಮೊಗ್ಗ, ಬಸ್ಸಲ್ಲಿ ಕಷ್ಟ ಆಗ್ತಿತ್ತು, ಅದಕ್ಕೇ ಗಾಡಿ... ಹೂಂ ಅಂದೆ. ಬೀರೂರಲ್ಲಿ ಹೂಂ. ಕಡೂರಲ್ಲಿ ಥ್ಯಾಂಕ್ಸ್.

ಥ್ಯಾಂಕ್ಸ್ ಅಂದೆ!

ಫೆಬ್ರವರಿ 7

ಅಣ್ಣಂಗೆ ಫೋನ್.

"ಗುಜರಿ ಅಂದ್ಯಲ್ಲೋ?"

"ನೀನು ನಂಬಿದ್ಯಾ? ನಿಜ ಹೇಳು."

ಫೋನ್ ಇಟ್ಟೆ. ಅವನ ಬಾಯಿಂದ ಇಷ್ಟು ವರ್ಷದಲ್ಲಿ ಬಂದ ನೇರವಾದ ಪ್ರಶ್ನೆ ಅದೊಂದೇ.

ಫೆಬ್ರವರಿ 9. ಭಾನುವಾರ

ಅಜ್ಜಂಪುರಕ್ಕೆ ಹೋದೆ, ಟೂಲ್ ತಗೊಂಡು. ನಯನ ಕಾಫಿಗೆ ಇಟ್ಟಿದ್ರು. ಗಾಡಿ ಹತ್ರ ಬನ್ನಿ ಅಂತ ಇಬ್ಬರನ್ನೂ ಕರೆದೆ.

ಸ್ಕ್ಯಾನ್ ಮಾಡಿದೆ. ದೋಷ ಇಲ್ಲ ಅಂತು. ಹಾಲೇಶ್ ಸರ್ ಖುಷಿಯಾಗಿ ನಕ್ಕರು. ಬ್ಯಾಟರಿ ಬಿಚ್ಚಿ ಕಾದ್ವಿ. ಆ ಕಾಲು ಗಂಟೆ ಯಾರಿಗೂ ಬೇಡ. ಆಮೇಲೆ ಗ್ಲೋವ್‌ಬಾಕ್ಸ್ ಇಳಿಸಿ ಟಾರ್ಚ್ ಅವರ ಕೈಗೇ ಕೊಟ್ಟೆ.

ವಿವರಿಸಬೇಕಾಗ್ಲಿಲ್ಲ. ಅವರೂ ಪಾಠ ಮಾಡೋದು ಅದನ್ನೇ. "ಟೂ ಓಮ್ಸ್" ಅಂದ್ರು, ಮೆಲ್ಲಗೆ. ಟಾರ್ಚ್ ಆರಿಸಿದ್ರು.

ಕೇಳಿದ್ದು ನಯನ.

"ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ಆಗಸ್ಟಲ್ಲಿ."

"ನಾವು ತಗೊಂಡಿದ್ದು ಅಕ್ಟೋಬರಲ್ಲಿ."

"ಹೌದು."

"ಮೊನ್ನೆ ಇವರ ಜೊತೆ ಬಂದ್ರಲ್ಲ, ಆಗ್ಲೂ...?"

"ಹೌದು."

ಆಕೆ ಬೈಯಲಿಲ್ಲ. ಆ ಸೀಟನ್ನ ನೋಡಿದ್ರು, ಬೆನ್ನಿಗೆ ಅಂತ ಇಟ್ಟಿದ್ದ ದಿಂಬು ತಗೊಂಡು ಒಳಗೆ ಹೋದ್ರು. ಕಾಫಿ ಬರಲಿಲ್ಲ. ಬರ್ಬಾರ್ದು ಕೂಡ.

ಫೆಬ್ರವರಿ 12

ಹಾಲೇಶ್ ಸರ್ ಅಣ್ಣನ ಅಂಗಡಿಗೆ ಹೋಗಿದ್ರಂತೆ. ಅಣ್ಣ ಅಂದಿದ್ದು: "ಪೇಪರಲ್ಲಿ ಮಾರಿದೋಳು ನನ್ ತಂಗಿ. ಅವಳನ್ನೇ ಕೇಳಿ." ಅವರು ಸ್ಟೇಷನ್ನಿಗೆ ದೂರು ಕೊಟ್ರು, ಇಬ್ಬರ ಮೇಲೂ. ನನ್ನ ಹೆಸರು ಮೊದಲು.

ತಪ್ಪೇನಿಲ್ಲ. ಸೈನ್ ನಂದೇ.

ಫೆಬ್ರವರಿ 14

ಅಣ್ಣ ಮನೆಗೆ ಬಂದ. ಚಪ್ಪಲಿ ಹಾಕ್ಕೊಂಡೇ ಒಳಗೆ.

"ನಂಗೂ ಗೊತ್ತಿರ್ಲಿಲ್ಲ, ನಮ್ಮಣ್ಣಂಗೂ ಗೊತ್ತಿರ್ಲಿಲ್ಲ ಅಂತ ಬರ್ದು ಕೊಡು. ಹಿಂದಿನ ಓನರ್ ತಲೆಗೆ ಹೋಗುತ್ತೆ. ಇಬ್ರೂ ಬಚಾವ್."

"ಫೋಟೋ ಇದೆ. ತಾರೀಖು ಸಮೇತ."

"ಡಿಲೀಟ್ ಮಾಡು."

ಮಾಡಲ್ಲ ಅಂದೆ. ಅಮ್ಮ ನಡುಮನೆಯಲ್ಲಿ ನಿಂತು ನನ್ನೇ ನೋಡ್ತಿದ್ಲು. ಅಣ್ಣನ್ನಲ್ಲ.

ಫೆಬ್ರವರಿ 17. ಸೋಮವಾರ, ಬೆಳಗ್ಗೆ 9.20

ಕಾಲೇಜಿಗೆ ರಜೆ ಹಾಕಿದೀನಿ. ಹನ್ನೊಂದಕ್ಕೆ ಅಜ್ಜಂಪುರ ಸ್ಟೇಷನ್. ಹೇಳಿಕೆ ಮನೆಯಲ್ಲೇ ಬರೆದೆ, ಎರಡು ಪುಟ. ಫೋಟೋ ಹಾಕಿದೆ. ಅಣ್ಣ ಹೇಳಿದ್ದು ಹೇಳಿದ ಹಾಗೇ ಬರೆದೆ. "ನನಗೆ ಗೊತ್ತಿದ್ದೂ ಸಹಿ ಮಾಡಿದ್ದೇನೆ" ಅನ್ನೋ ಸಾಲು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ. ನಾಲ್ಕನೇ ಸಲ ಉಳೀತು. ಹಗುರ ಅನ್ನಿಸುತ್ತೆ ಅಂದ್ಕೊಂಡಿದ್ದೆ. ಏನೂ ಅನ್ನಿಸ್ತಿಲ್ಲ. ಕೆಲಸ ಉಳಿಯುತ್ತೋ ಇಲ್ವೋ.

ಅಮ್ಮ ಬಂದು ಓದು ಅಂದ್ಲು. ಓದಿದೆ. ಪೂರ್ತಿ ಕೇಳಿದ್ಲು.

"ಅಣ್ಣನ ಹೆಸರು ತೆಗಿ. ನಿನ್ನದು ಬೇಕಾದ್ರೆ ಇಟ್ಕೋ."

ತೆಗೆಯಲ್ಲ ಅಂದೆ. ರೂಮಿಗೆ ಹೋದ್ಲು. ಬೀರು ತೆಗೆದ ಸದ್ದು. ಈಗ ಹೊರಗೆ ಆಟೋ ಬಂದು ನಿಂತಿದೆ, ಕಳ್ಸಿದ್ದು ಅಣ್ಣನೇ ಇರ್ಬೇಕು. ಸೀರೆಗಳನ್ನ ಗಂಟು ಕಟ್ಕೊಂಡು ಮೆಟ್ಟಿಲು ಇಳೀತಿದಾಳೆ. ಕಣ್ಣು ಸರಿ ಕಾಣಲ್ಲ, ಕೈ ಹಿಡ್ಕೊಳ್ಳೋರು ಯಾರೂ ಇಲ್ಲ. ನಾನು ಎದ್ದು ಆಟೋ ತನಕ ಕೈ ಹಿಡ್ಕೊಂಡು ಹೋಗ್ತೀನಿ. ಹೇಳಿಕೆ ಬರೆದ ಹಾಗೇ ಇರುತ್ತೆ.