ಕ್ಲೋರಿಸ್ ಹಡಗನ್ನು ಒಡೆಯಲು ತಂದರು

ಇನ್ವರ್ಕೀಥಿಂಗ್, ಫೈಫ್
೧೪ ಜನವರಿ ೧೯೫೦, ಶನಿವಾರ

ನನ್ನ ಮುದ್ದಿನ ಲಾಕ್ಲನ್,

ಹೇಗಿದ್ದೀಯ ಮಗನೇ? ಬೆರಳಿನ ಗಾಯ ಮಾಯಿತೇ? ಹೋದ ಕಾಗದದಲ್ಲಿ ನೀನು ಅದರ ವಿಷಯ ಒಂದೇ ಸಾಲು ಬರೆದು ಮುಂದೆ ಓಡಿಬಿಟ್ಟಿದ್ದೆ. ಒಂದೇ ಸಾಲು ಬರೆದೆ ಎಂದರೆ ಗಾಯ ದೊಡ್ಡದೇ ಇರಬೇಕು. ನೀನು ನಿನ್ನ ಅಪ್ಪನ ಮಗ. ಆ ದಕ್ಷಿಣದ ಸಮುದ್ರದಲ್ಲಿ ಈಗ ಬೇಸಗೆ ಎನ್ನುತ್ತೀಯ, ಹಿಮ ಬೀಳುತ್ತದೆ ಎಂದೂ ಬರೆಯುತ್ತೀಯ, ಅದೆಂಥ ಬೇಸಗೆಯೋ. ತಿಮಿಂಗಿಲದ ಕೊಬ್ಬು ಮೆತ್ತಿದ ಹಲಗೆಗಳ ಮೇಲೆ ನೋಡಿಕೊಂಡು ನಡೆ. ಇಲ್ಲಿ ನನ್ನ ಮಂಡಿಗೆ ಚಳಿ ಹಿಡಿದಿದೆ, ಬೇರೆ ತೊಂದರೆಯಿಲ್ಲ. ನೆಟ್ಟಾಳಿಗೆ ಕಾಗದದ ಗಿರಣಿಯಲ್ಲಿ ಹಗಲು ಪಾಳಿಯೇ ಸಿಕ್ಕಿದೆ. ಅಣ್ಣನಿಗೆ ನನ್ನ ನೆನಪು ತಿಳಿಸು ಎಂದು ಅವಳು ಹೇಳಿಲ್ಲ. ಈ ವಾರ ಅವಳು ನನ್ನ ಹತ್ತಿರ ಮಾತೇ ಆಡುತ್ತಿಲ್ಲ. ಯಾಕೆಂದು ಬರೆಯುತ್ತೇನೆ. ಕೂತು ಓದು.

ಈ ಸೋಮವಾರ ಎರಡು ಸಣ್ಣ ದೋಣಿಗಳು ಕ್ಲೋರಿಸ್ ಹಡಗನ್ನು ಎಳೆದುಕೊಂಡು ಬಂದು ಒಡೆಯುವ ಅಂಗಳಕ್ಕೆ ಕಟ್ಟಿದವು. ನಾನು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಪಕ್ಕದ ಮನೆಯ ಇಮ್ರಿ ಗೋಡೆಯಾಚೆಯಿಂದ, "ಎಫೀ, ನಿನ್ ಗಂಡನ್ ಹಡಗು ಬಂತು ಕಣೇ," ಎಂದು ಕೂಗಿದಳು. ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡಳು. ತೋಪುಗಳನ್ನೆಲ್ಲ ಕಿತ್ತಿದ್ದಾರೆ. ಮೈ ತುಂಬ ತುಕ್ಕು. ಆದರೂ ಆ ಉದ್ದನೆಯ ಸಪೂರ ಒಡಲು ನೋಡಿದರೆ ಸಾಕು, ಯಾರಿಗಾದರೂ ಗುರುತು ಸಿಗುತ್ತದೆ. ನಿನಗೆ ನೆನಪಿರಬೇಕು, ಅವಳು ಹೊಸದಾಗಿ ಸೇತುವೆಯ ಕೆಳಗೆ ಹಾದುಹೋದ ದಿನ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡೋ ಲಾಕೀ, ಅಪ್ಪಟ ಜಿಂಕೆ! ನಿಮ್ಮಮ್ಮನ ಸೊಂಟಕ್ಕಿಂತ ಇವಳ್ ಸೊಂಟಾನೇ ಸಣ್ಣ," ಎಂದು ಇಡೀ ದಂಡೆಗೆ ಕೇಳುವಂತೆ ಹೇಳಿದ್ದರು. ನಾನು ಅವತ್ತು ರಾತ್ರಿ ಊಟಕ್ಕೆ ಬರೀ ಗಂಜಿ ಬಡಿಸಿದ್ದೆ.

ಆ ಮಾದರಿಯಲ್ಲಿ ಕಟ್ಟಿದ್ದು ಮೂರೇ ಹಡಗು: ಕ್ಲೋರಿಸ್, ಡಾಫ್ನಿ, ಫಿಲಿಸ್. ಊಟದ ಮೇಜಿನ ಮೇಲೆ ಚಮಚಗಳನ್ನಿಟ್ಟು ಅಪ್ಪ ನಮಗೆಲ್ಲ ಅವುಗಳ ವಿನ್ಯಾಸ ವಿವರಿಸುತ್ತಿದ್ದರು. ದೇಶದೇಶಗಳು ಕೂತು ಒಪ್ಪಂದ ಮಾಡಿಕೊಂಡು ಯುದ್ಧನೌಕೆಗಳ ತೂಕಕ್ಕೆ ಮಿತಿ ಹಾಕಿದ್ದ ಕಾಲ. ಆ ಮಿತಿಯೊಳಗೇ ವೇಗವೂ ಬೇಕು, ತೋಪೂ ಬೇಕು. ಹಾಗಾಗಿ ನಕ್ಷೆ ಬರೆದವರು ದೊಡ್ಡ ಯಂತ್ರ ಇಟ್ಟು, ತೋಪು ಇಟ್ಟು, ಮಿಕ್ಕಿದ್ದನ್ನೆಲ್ಲ ಕೆತ್ತುತ್ತ ಹೋದರು. ಉಕ್ಕಿನ ಚರ್ಮ ತೆಳುವಾಯಿತು. ಆಮೇಲೆ ವಿಮಾನಗಳ ಭಯ ಹೆಚ್ಚಾಗಿ ಮೇಲ್ಗಡೆ ಇನ್ನಷ್ಟು ತೋಪು ಕೂರಿಸಬೇಕಾಯಿತು. ಆ ಭಾರಕ್ಕೆ ಸರಿಯಾಗಿ ಕೆಳಗೆ ಮತ್ತೇನಾದರೂ ತೆಗೆಯಬೇಕಲ್ಲ. ಹಿಂಭಾಗದಲ್ಲಿ ತೋಪಿನ ಮದ್ದು ತುಂಬಿಡುವ ಕೋಣೆಗೆ ಮೊದಲ ನಕ್ಷೆಯಲ್ಲಿ ಎರಡು ಏಣಿಗಳಿದ್ದವು. ಒಂದನ್ನು ತೆಗೆದರು. ಇದನ್ನು ಅಪ್ಪ ನನಗೆ ಹೇಳಿರಲಿಲ್ಲ. ತಾನು ಕೆಲಸ ಮಾಡುತ್ತಿದ್ದದ್ದು ಅದೇ ಕೋಣೆಯಲ್ಲಿ ಎಂಬುದನ್ನು ಮಾತ್ರ ಹೇಳಿದ್ದರು. ಏಣಿಯ ಕಥೆ ನನಗೆ ತಿಳಿದದ್ದು ಈ ವಾರ, ವಾಟಿಯ ಬಾಯಿಂದ.

ವಾಟಿ ಗೌರ್ಲೇ ಬಗ್ಗೆ ನಿನಗೆ ನಾನೇನು ಹೇಳಲಿ? ಅಪ್ಪನ ಜೊತೆ ಅದೇ ಹಡಗಿನಲ್ಲಿ ಬಡಗಿಯಾಗಿದ್ದವನು. ಯುದ್ಧ ಮುಗಿದ ಮೇಲೆ ಭಾನುವಾರ ತಪ್ಪದೆ ಬಂದು ನಮ್ಮ ಸೂರು ಕಟ್ಟಿದವನು, ನಿನ್ನ ಕೈಗೆ ಉಳಿ ಕೊಟ್ಟವನು. ಒಡೆಯುವ ಅಂಗಳದಲ್ಲಿ ಉಕ್ಕು ಕತ್ತರಿಸುವ ಕೆಲಸದಲ್ಲಿದ್ದವನು ಕ್ಲೋರಿಸ್ ಬಂದ ದಿನ ಬೆಂಕಿಯ ಕೊಳವೆ ಕೆಳಗಿಟ್ಟು, ಇದನ್ನು ನಾನು ಕತ್ತರಿಸೋದಿಲ್ಲ ಎಂದನಂತೆ. ಮೇಸ್ತ್ರಿ, "ಏನಯ್ಯಾ ಗೌರ್ಲೇ, ಹಳೇ ಹೆಂಡ್ತಿ ಬಟ್ಟೆ ಬಿಚ್ಚೋಕೆ ನಾಚ್ಕೆನಾ?" ಎಂದು ಎಲ್ಲರ ಮುಂದೆ ನಗೆಯಾಡಿದ. ವಾಟಿ ಕೋಟು ಹಾಕಿಕೊಂಡು ಸೀದಾ ನಮ್ಮ ಮನೆಗೆ ಬಂದ. ಕೂರು ಎಂದರೆ ಕೂರಲಿಲ್ಲ. ಟೋಪಿ ಹಿಂಡುತ್ತ ನಿಂತೇ ಹೇಳಿದ.

ಅಪ್ಪ ತೀರಿಕೊಂಡಾಗ ಬಂದ ಸರ್ಕಾರದ ಕಾಗದದಲ್ಲಿ ಏನಿತ್ತು ನಿನಗೆ ಗೊತ್ತು: ಬಾಂಬು ಬಿದ್ದ ಕ್ಷಣವೇ, ನೋವಿಲ್ಲದೆ, ಎಂದು. ಅದು ಹಾಗಲ್ಲವಂತೆ ಲಾಕ್ಲನ್. ಮಾಲ್ಟಾಕ್ಕೆ ಹೋಗುತ್ತಿದ್ದ ಹಡಗುಗಳ ಕಾವಲಿಗಿದ್ದಾಗ ಬಾಂಬು ಹಿಂಭಾಗಕ್ಕೆ ಬಿದ್ದು ಬೆಂಕಿ ಹತ್ತಿತು. ಅದರ ಹಿಂದಿನ ವರ್ಷವೇ ಫಿಲಿಸ್‌ಗೆ ಅದೇ ಜಾಗದಲ್ಲಿ ಬಾಂಬು ಬಿದ್ದಿತ್ತು. ಕೆಳಗಿನವರು ಹತ್ತಿ ಬರಲಿ ಎಂದು ಮದ್ದಿನ ಕೋಣೆಯ ಮುಚ್ಚಳ ತೆರೆದು ಕಾದರು. ಬೆಂಕಿ ಮದ್ದಿಗೆ ಇಳಿದು ಹಡಗು ಎರಡು ತುಂಡಾಗಿ ಮುಳುಗಿತು, ಉಳಿದವರು ಬೆರಳೆಣಿಕೆ. ಆ ಮೇಲೆ ಮಿಕ್ಕ ಎರಡಕ್ಕೂ ಆಜ್ಞೆ ಬಂತು: ಹಿಂದೆ ಬೆಂಕಿ ಕಂಡರೆ ಮುಚ್ಚಳ ಹಾಕಿ, ಒಳಗೆ ನೀರು ಬಿಡಿ, ಯಾರಿಗೂ ಕಾಯಬೇಡಿ. ಅವತ್ತು ಕೆಳಗೆ ನಿನ್ನ ಅಪ್ಪ, ಮೇಲೆ ಮುಚ್ಚಳದ ಹತ್ತಿರ ಇದ್ದವನು ವಾಟಿ. ಮುಚ್ಚಿದವನು ವಾಟಿ. ನೀರು ಬಿಡುವ ಚಕ್ರ ತಿರುಗಿಸಿದವನೂ ವಾಟಿಯೇ.

"ಆರ್ಚೀನೇ ಮುಚ್ಚು ಅಂದ ಅಂತ ಹೇಳ್ಬೋದಿತ್ತು ಎಫೀ," ಎಂದ. "ಇಷ್ಟು ವರ್ಷ ಅದನ್ನೇ ಹೇಳ್ಬೇಕು ಅಂತ ಮನಸ್ನಲ್ಲಿ ಕಟ್ಕೊಂಡಿದ್ದೆ. ಅವ್ನು ಹಾಗನ್ಲಿಲ್ಲ. 'ಒಂದ್ನಿಮಿಷ ತಡಿಯೋ ವಾಟಿ, ಬಂದ್ವಿ' ಅಂದ. ನಾನು ತಡೀಲಿಲ್ಲ."

ನಾನು ಅವನ ಟೋಪಿ ಕಿತ್ತು ಬೀದಿಗೆ ಎಸೆದೆ. ಅವನು ಅದನ್ನು ಎತ್ತಿಕೊಳ್ಳಲು ಹೊರಗೆ ಹೋದಾಗ ಬಾಗಿಲು ಹಾಕಿಕೊಂಡೆ. ನೆಟ್ಟಾ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಎರಡು ದಿನ ಮನೆಯಲ್ಲಿ ಒಲೆ ಹಚ್ಚಲೂ ಕೈ ಬರಲಿಲ್ಲ. ಮೂರನೆಯ ದಿನ ನಾನೇ ಅವನ ಬಾಡಿಗೆ ಕೋಣೆಗೆ ಹೋಗಿ, ತೋರಿಸು ಎಂದೆ. ಅಂಗಳದ ಕಾವಲುಗಾರ ನಮ್ಮನ್ನು ಒಳಗೆ ಬಿಟ್ಟ. ಆ ಹಡಗಿನ ಒಳಗು ಎಷ್ಟು ಇಕ್ಕಟ್ಟು ಗೊತ್ತೇನು? ಗಂಡಸರ ಭುಜ ಎರಡೂ ಕಡೆ ತಾಗುತ್ತದೆ. ವಾಟಿ ದೀಪ ಹಿಡಿದು ಮುಂದೆ, ನಾನು ಹಿಂದೆ. ಆ ಮುಚ್ಚಳ ನಮ್ಮ ಸ್ನಾನದ ತೊಟ್ಟಿಯಷ್ಟೂ ಅಗಲವಿಲ್ಲ. ಚಿಲಕಗಳೆಲ್ಲ ಮೇಲ್ಗಡೆ. ಒಳಗಿನಿಂದ ತೆರೆಯಲು ಒಂದು ಹಿಡಿಯೂ ಇಲ್ಲ. "ಎರಡ್ನೇ ಏಣಿ ಇದ್ದಿದ್ರೆ?" ಎಂದು ಕೇಳಿದೆ. ಅವನು ಗೋಡೆಯ ಮೇಲೆ ಒಂದು ಜಾಗ ಕೈಯಿಂದ ಸವರಿ, "ಇಲ್ಲಿ ಬರ್ತಿತ್ತು," ಎಂದ, ಅಷ್ಟೇ.

ಆಮೇಲೆ ನಾನು ಮಾಡಿದ್ದನ್ನು ಕೇಳಿ ನಿನಗೆ ಏನನ್ನಿಸುತ್ತದೋ. ಇಳಿ ಎಂದೆ. ದೀಪ ನನ್ನ ಕೈಗೆ ಕೊಟ್ಟು ಕತ್ತಲೆಗೆ ಇಳಿದ. ನಾನು ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಚಿಲಕ ಬಿಗಿದೆ. ಅವನು ಬೇಡಿಕೊಳ್ಳಲಿ ಎಂದು ನನಗೆ ಆಸೆಯಿತ್ತು, ಅದೇ ನಿಜ. ಅವನು ಬೇಡಿಕೊಳ್ಳಲಿಲ್ಲ. ಆದರೆ ಮೇಲೆ ನಿಂತವರಿಗೆ ಎಲ್ಲವೂ ಕೇಳುತ್ತದೆ ಲಾಕ್ಲನ್. ಉಸಿರು ಕೇಳುತ್ತದೆ, ಏಣಿಗೆ ಬೂಟು ತಾಗಿದ್ದು ಕೇಳುತ್ತದೆ, ಗಂಟಲು ಸರಿಮಾಡಿಕೊಂಡದ್ದು ಕೇಳುತ್ತದೆ. ಉಕ್ಕು ಅಷ್ಟು ತೆಳು. ನಿನ್ನ ಅಪ್ಪನ ದನಿ ಇವನ ಕಿವಿಯೊಳಗೆ ಎಷ್ಟು ಹೊತ್ತು ಇಳಿದಿರಬಹುದು ಎಂದು ಆಗ ಹೊಳೆದು ಚಿಲಕಕ್ಕೆ ಕೈ ಹಾಕಿದೆ. ಬಿಚ್ಚಲು ಆಗುತ್ತಲೇ ಇಲ್ಲ. "ಎಡಕ್ಕೆ, ಎಫೀ, ಎಡಕ್ಕೆ ತಿರುಗ್ಸು," ಎಂದು ಅವನೇ ಕೆಳಗಿನಿಂದ ಮೆತ್ತಗೆ ಹೇಳಿಕೊಟ್ಟ. ಮೇಲೆ ಬಂದವನ ಕೋಟು ಹಿಡಿದುಕೊಂಡು ನಾನು ಅತ್ತೆ. ಅವನಿಗಾಗಿ ಅಲ್ಲ. ಯಾರಿಗಾಗಿ ಎಂದು ನನಗೆ ಗೊತ್ತಿಲ್ಲ.

ನೆಟ್ಟಾ ಹೇಳುತ್ತಾಳೆ, "ಅಪ್ಪನ್ನ ಮುಳುಗಿಸ್ದೋನ್ ಜೊತೆ ಸೇರಿ ಹಡಗು ನೋಡ್ಕೊಂಡ್ ಬಂದ್ಯಾ?" ಆವತ್ತು ಕ್ಲೋರಿಸ್‌ನಲ್ಲಿ ಬದುಕಿ ಬಂದವರಲ್ಲಿ ನಮ್ಮ ಬೀದಿಯವರೇ ಇಬ್ಬರಿದ್ದಾರೆ. ಅವರ ಮಕ್ಕಳು ನಮ್ಮ ಕಿಟಕಿಯ ಕೆಳಗೆ ಚೆಂಡಾಡುತ್ತಾರೆ. ಅದನ್ನು ನೋಡುತ್ತೇನೆ, ವಾಟಿ ಮಾಡಿದ್ದು ಸರಿ ಎನಿಸುತ್ತದೆ. ಅಪ್ಪನ ಕುರ್ಚಿ ನೋಡುತ್ತೇನೆ, ಒಂದು ನಿಮಿಷ ಕಾದಿದ್ದರೆ ಏನಾಗುತ್ತಿತ್ತು ಎನಿಸುತ್ತದೆ.

ಹೊಸ ಕಾಲುಚೀಲ ಹೆಣೆದಿದ್ದೇನೆ, ಈ ಕಾಗದದ ಜೊತೆ ಇದೆ. ದೇವರು ನಿನ್ನ ಕಾಲ ಕೆಳಗೆ ನೆಲ ಗಟ್ಟಿಯಾಗಿ ಇಟ್ಟಿರಲಿ.

ಸದಾ ನಿನ್ನದೇ ಚಿಂತೆಯ ಅಮ್ಮ,
ಎಫಿ ಬೆಥ್ಯೂನ್

ಮರೆತ ಮಾತು, ಗುರುವಾರ, ಅವಸರದಲ್ಲಿ: ಇದನ್ನು ನಾನು ಅಂಚೆಗೆ ಹಾಕಲಿಲ್ಲ. ನಿಮ್ಮ ಕಡೆ ಸಾಮಾನು ಒಯ್ಯುವ ಹಡಗಿಗೆ ಬಡಗಿ ಬೇಕಿತ್ತು, ವಾಟಿ ಹೆಸರು ಕೊಟ್ಟ. ಲಾಕ್ಲನ್‌ಗೆ ನಾನೇ ಎದುರು ನಿಂತು ಹೇಳ್ತೀನಿ ಎಂದ. ನಿಮ್ಮಿಬ್ಬರ ನಾಲಗೆಯನ್ನೂ ನಂಬದೆ ಈ ಕಾಗದವನ್ನು ಅವನ ಕೈಗೇ ಕೊಟ್ಟಿದ್ದೇನೆ. ಹೊಸ ವರ್ಷದ ದಿನ ಅವನು ನನ್ನನ್ನು ಮದುವೆಗೆ ಕೇಳಿದ್ದ. ನಾನು ಹೂಂ ಅಂದಿದ್ದೆ. ಈ ಕಾಗದದಲ್ಲಿ ನಿನಗೆ ಹೇಳಬೇಕೆಂದಿದ್ದದ್ದು ಆ ಒಂದು ಸುದ್ದಿ ಮಾತ್ರ. ಕ್ಲೋರಿಸ್ ಬಂದ ಮೇಲೆ ಅವನು ನಾನು ಕೊಟ್ಟ ಮಾತನ್ನು ನನಗೇ ವಾಪಸ್ ಕೊಟ್ಟ. ನಾನು ಇಸಕೊಂಡಿಲ್ಲ. ಹೊಡೆಯಬೇಕೆನಿಸಿದರೆ ಹೊಡಿ, ಅವನು ಕೈ ಎತ್ತುವುದಿಲ್ಲ. ಎಡಗಿವಿ ಮಾತ್ರ ಬಿಡು, ಅದು ಮೊದಲೇ ಕೇಳುವುದಿಲ್ಲ. ಉತ್ತರ ಬರೆಯುವ ಶ್ರಮ ಬೇಡ. ವಸಂತದಲ್ಲಿ ನೀವಿಬ್ಬರೂ ಒಂದೇ ಹಡಗಿನಲ್ಲಿ ಹಿಂತಿರುಗುತ್ತೀರಿ. ನಾನು ಲೀತ್ ಬಂದರಿನಲ್ಲಿ ನಿಂತಿರುತ್ತೇನೆ. ಜೊತೆಯಾಗಿ ಇಳಿಯುತ್ತೀರೋ ಬೇರೆಬೇರೆಯಾಗಿಯೋ, ದೂರದಿಂದಲೇ ನನಗೆ ತಿಳಿದುಹೋಗುತ್ತದೆ.