ಹೊನ್ನಾವರದ ವೀಸಾ ಕಚೇರಿ

ನೇಪರ್‌ವಿಲ್, ಅಮೆರಿಕ, ಮಂಗಳವಾರ

ಸ್ಪಂದನಾಳ ಅಪ್ಪನಿಗೆ,

ಇಲ್ಲಿಗೆ ಮರಳಲು ನಿಮ್ಮ ವೀಸಾ ಮುದ್ರೆ ಬಿದ್ದು ಪಾಸ್‌ಪೋರ್ಟ್ ಕೈಗೆ ಬರುವವರೆಗೆ, ಅಧಿಕಾರಿಗಳು ಮನೆಯವರದ್ದನ್ನೂ ನೋಡುತ್ತಾರೆ, ಯಾರೂ ಆನ್‌ಲೈನ್‌ನಲ್ಲಿ ಏನೂ ಹಾಕಬೇಡಿ ಎಂದೇನೋ ಚೆನ್ನೈಯಿಂದ ಫೋನಿನಲ್ಲಿ ಹೇಳಿದ್ದಿರಿ. ಆದರೆ ಸ್ಪಂದನಾ ಶಾಲೆಗೆ ಒಂದು ಕಥೆ ಬರೆದಿದ್ದಾಳೆ. ಅದರಲ್ಲಿ ಯುರೋಪಿನ ಹಡಗುಗಳು ಎಲ್ಲಿಗೂ ತಲುಪುವುದಿಲ್ಲ. ಹೊನ್ನಾವರದ ಹಡಗುಗಳೇ ಕಡಲನ್ನೆಲ್ಲ ಆಳುತ್ತವೆ. ಲಂಡನ್ನಿನವರು ವೀಸಾಕ್ಕಾಗಿ ನಮ್ಮೂರ ಕಚೇರಿಯ ಮುಂದೆ ಸಾಲುಗಟ್ಟುತ್ತಾರೆ. ಕಾರಣ ಹೇಳದೆ ಅವರನ್ನು ವಾಪಸು ಕಳಿಸುವ ಅಧಿಕಾರಿಗೆ ನಿಮ್ಮ ಹೆಸರಿಟ್ಟಿದ್ದಾಳೆ.

“ಅಪ್ಪನ್ನ ಯಾಕೆ ಹಾಗೆ ಮಾಡ್ದೆ?” ಎಂದೆ.

“ಸಮ್‌ಬಡಿ ಹ್ಯಾಸ್ ಟು ಸಿಟ್ ದೇರ್, ಅಮ್ಮಾ.”

ಟೀಚರ್‌ಗೆ ಬಹಳ ಹಿಡಿಸಿದೆ. ಶಾಲೆಯ ವೆಬ್‌ಸೈಟಿನಲ್ಲಿ ಹಾಕಲು ಶುಕ್ರವಾರದೊಳಗೆ ನನ್ನ ಸಹಿ ಬೇಕಂತೆ. ಹೆಸರು ಬದಲಿಸಲು ಇವಳು ಒಪ್ಪುತ್ತಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಚೆನ್ನೈಯ ಆ ವೀಸಾ ಅಧಿಕಾರಿಯ ಕುರ್ಚಿಯಲ್ಲಿ ನೀವೇ ಕುಳಿತಿದ್ದರೆ, ಈ ಕಥೆ ಓದಿದ ಮೇಲೂ ಇದನ್ನು ಬರೆದವಳ ಅಪ್ಪನಿಗೆ ವೀಸಾ ಕೊಡುತ್ತಿದ್ದಿರಾ?

ಲತಾಶ್ರೀ